ಆಪ್ತಸಲಹೆ ಪ್ರಕರಣ: ಅರ್ಧ ಚಮಚ ಹಾಲು

ತೀರ್ಥಹಳ್ಳಿ ಕಡೆಯ 24ರ ಬಾಣಂತಿ. 29 ವಾರಕ್ಕೇ ಹೆರಿಗೆ. 1,150 ಗ್ರಾಂ ತೂಕದ ಮಗು ಶಿವಮೊಗ್ಗದಲ್ಲಿ ನವಜಾತ ಶಿಶು ಘಟಕದಲ್ಲಿತ್ತು. ಎರಡನೇ ದಿನ ಹಿಂಡಿದಾಗ ಸಿಕ್ಕಿದ್ದು ಅರ್ಧ ಚಮಚ. "ಇದು ಯಾವ ಮೂಲೆಗೆ? ಡಬ್ಬಿ ಹಾಲು ತರಿಸಿ" ಎಂದರು ಅತ್ತೆ. ಸೊಸೆ ಅಳುತ್ತ ಕೂತಿದ್ದಳು.

ಮೊದಲು ಅತ್ತೆಯ ಜೊತೆಗೇ ಮಾತಾಡಿದೆವು. ಅರ್ಧ ಚಮಚ ಎಂದರೆ ಎರಡು ಮಿ.ಲೀ. ಮೇಲೆಯೇ ಆಯಿತು. ಇಷ್ಟು ತೂಕದ ಮಗುವಿಗೆ ಮೊದಲ ದಿನಗಳಲ್ಲಿ ಎರಡು ಗಂಟೆಗೊಮ್ಮೆ ಟ್ಯೂಬಿನಲ್ಲಿ ಹೋಗುವುದು 1–2 ಮಿ.ಲೀ. ಮಾತ್ರ. ತಿಂಗಳು ತುಂಬದ ಮಗುವಿನ ಕರುಳಿನ ಒಳಪದರ ಇನ್ನೂ ಬಲಿತಿರುವುದಿಲ್ಲ. ಅಲ್ಲಿ ರೋಗಾಣು ನುಗ್ಗಿ ಉರಿಯೂತವಾದರೆ ಕರುಳಿನ ಭಾಗವೇ ಸಾಯಬಹುದು, ತೂತೂ ಬೀಳಬಹುದು. ವೈದ್ಯರು ಎನ್‌ಇಸಿ ಎನ್ನುವುದು ಇದನ್ನೇ. ಹೆರಿಗೆಯ ಮೊದಲ ದಿನಗಳ ಈ ಹಾಲೇ ಗಿಣ್ಣುಹಾಲು; ಇದರಲ್ಲಿರುವ, ರೋಗಾಣುವನ್ನು ತಡೆಯುವ ಐಜಿಎ ಪ್ರತಿಕಾಯ ಕರುಳಿಗೆ ಲೇಪದಂತೆ ಕೂರುತ್ತದೆ, ಲ್ಯಾಕ್ಟೊಫೆರಿನ್ ಎಂಬ ಪ್ರೋಟೀನು ರೋಗಾಣುವಿಗೆ ಕಬ್ಬಿಣ ಸಿಗದಂತೆ ಮಾಡುತ್ತದೆ. ಅಪಾಯ ಪೂರ್ತಿ ಹೋಗುವುದಿಲ್ಲ, ಆದರೆ ಡಬ್ಬಿ ಹಾಲಿಗಿಂತ ಬಹಳ ಕಡಿಮೆ.

ಹಾಲು ಕಡಿಮೆಯಾಗಿದ್ದಕ್ಕೆ ಕಾರಣ ಬೇರೆ ಇತ್ತು. ಆಕೆ ಹಿಂಡುತ್ತಿದ್ದುದು ಹಗಲು ನಾಲ್ಕೇ ಸಲ, ಅದೂ ತೊಟ್ಟು ಎಳೆದು. 24 ಗಂಟೆಯಲ್ಲಿ 8–10 ಸಲ ಬೇಕು, ಬೆಳಗಿನ ಜಾವದ ಒಂದು ಸಲ ತಪ್ಪಲೇಬಾರದು. ಕೈ ತೊಳೆದು, ತೊಟ್ಟಿನಿಂದ ಸುಮಾರು 3 ಸೆಂ.ಮೀ. ಹಿಂದೆ ಹೆಬ್ಬೆರಳು, ತೋರುಬೆರಳು ಇಟ್ಟು, ಎದೆಯ ಕಡೆಗೆ ಒತ್ತಿ, ಹಿಚುಕಿ, ಬಿಡಬೇಕು; ಬೆರಳು ಚರ್ಮದ ಮೇಲೆ ಜಾರಬಾರದು. ಎರಡೂ ಕಡೆ ಬದಲಾಯಿಸುತ್ತ 20–30 ನಿಮಿಷ. ಬೆಳಗಿನ ಜಾವ ಮೂರರ ಅಲಾರಂ ಅತ್ತೆಯ ಫೋನಿನಲ್ಲೇ ಇಡಿಸಿದೆವು. ಪಥ್ಯವೆಂದು ನೀರು ಕಟ್ಟಿದ್ದರು. ಬಾಯಾರಿದಷ್ಟು ಕುಡಿಸಿ ಎಂದೆವು.

ಮಗುವನ್ನು ಘಟಕದಲ್ಲಿ ಬಿಟ್ಟು ಆಕೆ ಊರಿಗೆ ಹೋದ ಮೇಲಿನ ತೊಂದರೆ ಕರೆಂಟು. ಮಳೆಗಾಲದಲ್ಲಿ ಅದನ್ನು ನಂಬುವ ಹಾಗಿಲ್ಲ. ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇಡಬಹುದು, ಬಾಗಿಲ ಕಪಾಟಿನಲ್ಲಲ್ಲ, ಒಳಗೆ. ಡಬ್ಬಿಯ ಮೇಲೆ ದಿನ, ಗಂಟೆ ಬರೆದು, ಐಸ್ ಪ್ಯಾಕಿನ ಜೊತೆ ಬಸ್ಸಿಗೆ ಹತ್ತಿಸಬೇಕು. ಆಗಷ್ಟೇ ಹಿಂಡಿದ ಬೆಚ್ಚನೆಯ ಹಾಲನ್ನು ಫ್ರಿಜ್ಜಿನ ತಣ್ಣನೆಯ ಹಾಲಿಗೆ ಸುರಿಯಬಾರದು.

ತಾಯಿಯ ಹಾಲು ಸಾಲದಿದ್ದರೆ ದಾನಿಗಳ ಹಾಲು. ಅದನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸುವುದರಿಂದ ರಕ್ಷಣೆಯ ಸತ್ವ ಒಂದಷ್ಟು ಹೋಗುತ್ತದೆ, ಹಾಗಾಗಿ ಅದು ಎರಡನೆಯ ಆಯ್ಕೆ. ಜೇನು ನೆಕ್ಕಿಸುವುದು, ಬಜೆ ತೇಯುವುದು ಬೇಡವೇ ಬೇಡ. ಮನೆಗೆ ಬಂದ ಮೇಲೂ ಹೊಟ್ಟೆ ಉಬ್ಬಿದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಹಾಲು ನಿಲ್ಲಿಸಿ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಬೇಕು.