450 ವ್ಯಾಟ್ ಅಂತ ಬರೆದಿದೆ, ಆದರೂ ಪಿಸಿ ರೀಸ್ಟಾರ್ಟ್ ಆಗುತ್ತೆ ಯಾಕೆ?

ಪ್ರಶ್ನೆ: ಮಗನ ಡೆಸ್ಕ್‌ಟಾಪ್‌ಗೆ ಹೋದ ತಿಂಗಳು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೆವು. ಪ್ರೊಸೆಸರ್ ರೈಜನ್ 5 5600. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಒದಗಿಸುವ ಪೆಟ್ಟಿಗೆ) ಮಾತ್ರ ಕ್ಯಾಬಿನೆಟ್ ಜೊತೆ ಬಂದದ್ದೇ, 450 ವ್ಯಾಟ್. ಗೇಮ್ ಶುರುಮಾಡಿ ಸ್ವಲ್ಪ ಹೊತ್ತಿಗೆ ಪಿಸಿ ರೀಸ್ಟಾರ್ಟ್ ಆಗುತ್ತೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬದಲಾದಾಗಲೂ ಅಷ್ಟೇ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಂ ಅನ್ನುತ್ತೆ. ಯಾವ ಎಸ್‌ಎಂಪಿಎಸ್ ಕೊಳ್ಳಬೇಕು?
– ಓದುಗರು, ಅರಸೀಕೆರೆ

ಉತ್ತರ: ಕೊಳ್ಳುವ ಮಾತು ಆಮೇಲೆ. ಮೊದಲು ಆ ಜುಂ ಅನ್ನುವುದನ್ನು ಸರಿಮಾಡಿಸಿ, ಅಲ್ಲಿಯವರೆಗೆ ಪಿಸಿ ಆನ್ ಮಾಡಲೇಬೇಡಿ. ಎಸ್‌ಎಂಪಿಎಸ್‌ನ ಫಿಲ್ಟರ್ ಕೆಪಾಸಿಟರ್‌ಗಳಿಂದ ಚೂರು ಕರೆಂಟ್ ಕ್ಯಾಬಿನೆಟ್‌ನ ಮೈಗೆ ಬರುವುದು ಸಹಜ. ಅದು ಅರ್ಥ್ ವೈರ್ ಹಿಡಿದು ನೆಲಕ್ಕೆ ಹೋಗಬೇಕು. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೇ ನೂರು ವೋಲ್ಟ್ ಆಸುಪಾಸು ನಿಲ್ಲುತ್ತೆ, ಟೆಸ್ಟರ್ ಇಟ್ಟರೆ ದೀಪ ಹತ್ತುತ್ತೆ. ಒಳಗೆ ಎಲ್ಲಾದರೂ ವೈರ್ ತಾಗಿದ್ದರೆ ಇನ್ನೂ ಅಪಾಯ. ಎಲೆಕ್ಟ್ರಿಷಿಯನ್ ಕರೆಸಿ ಪ್ಲಗ್ ಪಾಯಿಂಟ್‌ನಲ್ಲಿ ಅರ್ಥ್ ಇದೆಯಾ ನೋಡಿಸಿ. ನಡುವೆ ಎರಡು ಪಿನ್ನಿನ ಅಡಾಪ್ಟರ್ ಇದ್ದರೆ ಕಿತ್ತುಹಾಕಿ.

ಈಗ ರೀಸ್ಟಾರ್ಟ್ ವಿಷಯ. ನಿಮ್ಮ ಎಸ್‌ಎಂಪಿಎಸ್ ಪಕ್ಕದಲ್ಲಿರುವ ಸ್ಟಿಕರ್ ಓದಿ. ದೊಡ್ಡದಾಗಿ ಬರೆದ 450 ಬಿಟ್ಟುಬಿಡಿ, ಕೋಷ್ಟಕದಲ್ಲಿ +12ವೋಲ್ಟ್ ಅಂತ ಇರುವ ಕಡೆ ಎಷ್ಟು ಆಂಪಿಯರ್ ಇದೆ ನೋಡಿ. ಕ್ಯಾಬಿನೆಟ್ ಜೊತೆ ಬರುವ ಅಗ್ಗದವುಗಳಲ್ಲಿ 18 ಆಂಪಿಯರ್ ಇರುವಂಥವು ಬೇಕಾದಷ್ಟಿವೆ. 12ನ್ನು 18ರಿಂದ ಗುಣಿಸಿದರೆ ಬರೋದು 216 ವ್ಯಾಟ್ ಅಷ್ಟೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ದುಡಿಯುವುದು ಈ 12 ವೋಲ್ಟ್ ಮೇಲೆ. 3060 ಒಂದಕ್ಕೇ 170 ವ್ಯಾಟ್ ಬೇಕು. ನಿಮ್ಮ ಪ್ರೊಸೆಸರ್ ಜೋರಾಗಿ ದುಡಿಯುವಾಗ 75ರ ಹತ್ತಿರ ಎಳೆಯುತ್ತೆ. ಅಲ್ಲಿಗೇ 245 ಆಯ್ತಲ್ವಾ? ಕಾರ್ಡ್ ಕ್ಷಣಕಾಲ 170ನ್ನೂ ಮೀರಿ ಎಳೆಯುವುದು ಬೇರೆ. 12 ವೋಲ್ಟ್ 11.4ಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ನಿಮ್ಮದರಂಥ ಎಸ್‌ಎಂಪಿಎಸ್‌ಗಳಿಗೆ ಇರುವ ಎಟಿಎಕ್ಸ್ ಮಾನದಂಡದ ನಿಯಮ. ಶಕ್ತಿ ಸಾಲದ ಎಸ್‌ಎಂಪಿಎಸ್‌ನಲ್ಲಿ ಅದು ಕುಸಿಯುತ್ತೆ, ಪಿಸಿ ರೀಸ್ಟಾರ್ಟ್ ಆಗುತ್ತೆ.

ಈ ಕಾರ್ಡ್‌ಗೆ ಅದರ ಚಿಪ್ ಕಂಪನಿ ಎನ್ವಿಡಿಯಾ ಹೇಳುವುದು 550 ವ್ಯಾಟ್‌ನ ಎಸ್‌ಎಂಪಿಎಸ್. ನೀವು 550 ಅಥವಾ 650 ತಗೊಳ್ಳಿ. ಆದರೆ ಅದರ 12 ವೋಲ್ಟ್ ಲೆಕ್ಕ ಒಟ್ಟು ವ್ಯಾಟ್‌ಗೆ ಹತ್ತಿರ ಹತ್ತಿರ ಇರಬೇಕು. 550ಕ್ಕೆ 45 ಆಂಪಿಯರ್ ಇದ್ದರೆ 540 ವ್ಯಾಟ್, ಅದು ಪ್ರಾಮಾಣಿಕ ಸ್ಟಿಕರ್. ಹೆಸರಿಲ್ಲದ 750ಕ್ಕಿಂತ ಇದು ಎಷ್ಟೋ ಮೇಲು.

80 ಪ್ಲಸ್ ಗುರುತು ಇರಲಿ, ಅದರಲ್ಲಿ ಬ್ರಾಂಜ್ ದರ್ಜೆ ಸಾಕು. ಆದರೆ ಅದೊಂದನ್ನೇ ನಂಬಿ ಸುಮ್ನೆ ದುಡ್ಡು ಕೊಡಬೇಡಿ. ಗೋಡೆಯಿಂದ ಎಳೆದ ಕರೆಂಟ್‌ನಲ್ಲಿ ಎಷ್ಟು ಕೆಲಸಕ್ಕೆ ಬರುತ್ತೆ ಅನ್ನುವುದನ್ನಷ್ಟೇ ಅದು ಹೇಳುತ್ತೆ. ಓವರ್‌ಲೋಡ್, ಶಾರ್ಟ್ ಆದಾಗ ತಾನೇ ಆಫ್ ಆಗುವ ರಕ್ಷಣೆಗಳಿವೆಯಾ ಅಂತ ಕಂಪನಿಯ ಸೈಟ್‌ನಲ್ಲೇ ನೋಡಿ. ವಾರಂಟಿ ಕನಿಷ್ಠ 5 ವರ್ಷ ಇರಲಿ. ಬೆಂಗಳೂರಿನ ಎಸ್‌ಪಿ ರೋಡಲ್ಲಿ ತಗೊಂಡರೂ, ಆನ್‌ಲೈನ್‌ನಲ್ಲಿ ತರಿಸಿದರೂ ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಣ್ಣದ ಲೈಟಿನ ಕ್ಯಾಬಿನೆಟ್‌ಗೆ ಇಡುವ ದುಡ್ಡನ್ನು ಇಲ್ಲಿ ಹಾಕಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾರ್ಡ್‌ಗೆ ಬೇಕಾದ 8 ಪಿನ್ ವೈರ್ ಎಸ್‌ಎಂಪಿಎಸ್‌ನಿಂದ ನೇರ ಬರಬೇಕು. ಹಳೆಯ ನಾಲ್ಕು ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿದ್ದರೆ ಅದರ ಪ್ಲಾಸ್ಟಿಕ್ ಈಗಲೇ ಕಂದು ತಿರುಗಿದೆಯಾ ನೋಡಿ, ಅದು ಕರಗುವ ಮೊದಲ ಸೂಚನೆ. ಹಳೆಯ ಎಸ್‌ಎಂಪಿಎಸ್ ಬಿಚ್ಚಿ ರಿಪೇರಿಗೆ ಕೂರಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಜಾಸ್ತಿ ಉಳಿದಿರಬಹುದು.

ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ (ಬೇಗ ಬದಲಾಗುವ) ಸ್ವಿಚ್ ಇದ್ದರೆ ಹಾಕಿ ನೋಡಿ. ಕರೆಂಟ್ ಹೋದಾಗ ಎಸ್‌ಎಂಪಿಎಸ್ ಪೂರ್ತಿ ಲೋಡ್‌ನಲ್ಲಿ ತಾಳಿಕೊಳ್ಳುವುದು ಸಾಮಾನ್ಯವಾಗಿ 16–17 ಮಿಲಿಸೆಕೆಂಡ್ ಆಸುಪಾಸು, ಅಗ್ಗದವು ಇನ್ನೂ ಕಡಿಮೆ. ಅಷ್ಟರೊಳಗೆ ಇನ್ವರ್ಟರ್ ಕೈಗೆತ್ತಿಕೊಳ್ಳಬೇಕು. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಒಳ್ಳೆಯ ಎಸ್‌ಎಂಪಿಎಸ್ ಕೂಡ ತಕರಾರು ಮಾಡಬಹುದು, ಸೈನ್ ವೇವ್ ಬೇಕು. ಬೇರೆ ಯುಪಿಎಸ್ ತರುವುದಾದರೆ ವಿಎ (ವೋಲ್ಟ್-ಆಂಪಿಯರ್) ಅಲ್ಲ, ವ್ಯಾಟ್ ಕೇಳಿ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ನಿಮ್ಮ ಪಿಸಿಗೆ ಮಾನಿಟರ್ ಸೇರಿಸಿ ಗೇಮ್ ಆಡಿದರೆ ಅದು ಸಾಲದು, 1000 ವಿಎ ತಗೊಳ್ಳಿ.