ಐದು ವರ್ಷದ ಕೂಸಿಗೆ ಯಾವ ಸಮ್ಮರ್ ಕ್ಯಾಂಪ್?

ಪ್ರಶ್ನೆ: ನಾವಿಬ್ರೂ ಕೆಲಸಕ್ಕ ಹೋಗ್ತೀವಿ, ಮಗಳಿಗೆ ಐದು ವರ್ಷ. ಒಂದು ಕ್ಯಾಂಪಿನಾಗ ಅಬ್ಯಾಕಸ್, ಡ್ಯಾನ್ಸ್, ಕರಾಟೆ ಎಲ್ಲಾ ಐತಿ, ಸಂಜಿ ನಾಕರತನಕ. ಇನ್ನೊಂದು ಬರೇ ಆಟ, ಮಣ್ಣಿನ ಗೊಂಬಿ, ಮುಂಜಾನೆ ಎಂಟರಿಂದ ಹನ್ನೊಂದೂವರಿ. ಯಾವುದಕ್ಕ ಹಾಕ್ಲಿ?
– ಒಬ್ಬ ತಾಯಿ, ವಿಜಯಪುರ

ಉತ್ತರ: ನನ್ನ ಕೇಳಿದ್ರ ಎರಡನೇದ್ದು. ಅಷ್ಟು ಸಣ್ಣ ಕೂಸಿಗೆ ಒಮ್ಮೆಲೆ ಮೂರು ವಿದ್ಯೆ ಯಾಕ್ರಿ, ಸೂಟಿ ಬಿಟ್ಟದ್ದೇ ಸುಳ್ಳಾಗ್ತೈತಿ. ಮತ್ತ ಬಿಸಿಲು ನೋಡ್ರಲ್ಲ, ಏಪ್ರಿಲ್ ಮೇದಾಗ ನಮ್ಮೂರಾಗ 40 ಡಿಗ್ರಿ ಮುಟ್ಟೋದು ಹೊಸಾದೇನಲ್ಲ, ತಗಡಿನ ಶೆಡ್ ಇದ್ರಂತೂ ಬ್ಯಾಡೇ ಬ್ಯಾಡ. ಫೀಸ್ ಕಟ್ಟೂಕಿಂತ ಮೊದ್ಲು ಒಂದಿನ ಹನ್ನೊಂದಕ್ಕ ಹೋಗಿ ನಿಂತು ನೋಡ್ರಿ, ಟೀಚರ್ ಒಬ್ರಿಗೆ ಎಷ್ಟು ಹುಡುಗ್ರು, ನೀರು ಕೇಳಿದ್ರ ಕೊಡ್ತಾರೋ ತಾವೇ ನೆನಪ್ ಮಾಡಿ ಕುಡಸ್ತಾರೋ, ಬಾತ್‌ರೂಮಿನ ಚಿಲಕ ಕೂಸಿಗೆ ತೆಗಿಲಿಕ್ಕೆ ಬರ್ತೈತೋ ಇಲ್ಲೋ. ನಾನೂ ಒಮ್ಮೆ ಬಣ್ಣದ ಪಾಂಪ್ಲೆಟ್ ನೋಡಿ ಮಳ್ಳಾಗಿ ಮಗನ್ನ ಹಾಕಿದ್ದೆ, ಮೂರನೇ ದಿನ ಡಬ್ಬಿ ಹಂಗೇ ತುಂಬಿ ವಾಪಸ್ ಬಂತು, ಯಾರೂ ಕೇಳಿರಲಿಲ್ಲ ಅಂವಗ.

ಮಧ್ಯಾಹ್ನದ್ದೇ ಚಿಂತಿ ಅಂದ್ರ ಓಣ್ಯಾಗ ಇನ್ನೊಂದು ಮನಿ ಕೂಡ್ಸಿ ಒಬ್ಬ ಆಯಾನ್ನ ಹಚ್ಚರಿ. ಅದೂ ಆಗಲ್ಲಂದ್ರ ಮೊದಲನೇದ್ದು, ಆದ್ರ ಊಟ ಆದಮ್ಯಾಲೆ ಕೂಲರ್ ಇರೋ ಖೋಲ್ಯಾಗ ಮಲಗಸ್ತಾರಾ ಕೇಳ್ರಿ. ಕರಾಟೆ ಮುಂದಿನ ವರ್ಷಕ್ಕಿರ್ಲಿ.