ಆರು ತಿಂಗಳ ಮಗುವಿಗೆ ರಾಗಿ ಮಣ್ಣಿಯೋ, ಪ್ಯಾಕೆಟ್ ಸೀರಿಯಲ್ಲೋ?

ಮುಂದಿನ ವಾರ ಮಗಳಿಗೆ ಆರು ತಿಂಗಳು ತುಂಬುತ್ತದೆ, ಉಡುಪಿಯ ಅತ್ತೆ ರಾಗಿ ಮಣ್ಣಿ ಅನ್ನುತ್ತಾರೆ, ಗಂಡ ಪ್ಯಾಕೆಟ್ ಸೀರಿಯಲ್ ತರುತ್ತೇನೆ ಅನ್ನುತ್ತಾರೆ, ಅನ್ನಪ್ರಾಶನದ ಮುಹೂರ್ತ ಮೂರು ವಾರ ಮುಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲೂ ಇದೇ ವಾದ ಆಗಿತ್ತು. ಮಣ್ಣಿಯೇ ಗೆದ್ದಿತು, ಆದರೂ ಎಂಟನೇ ತಿಂಗಳ ಹೊತ್ತಿಗೆ ತಾಯಿ ಕಾರ್ಡಿನ ತೂಕದ ಗೆರೆ ಮೇಲೇರುವುದು ಬಿಟ್ಟು ಅಡ್ಡಕ್ಕೆ ತಿರುಗಿತ್ತು. ಹಾಗಾಗಿ ರಾಗಿಯೋ ಪ್ಯಾಕೆಟ್ಟೋ ಅನ್ನುವ ಜಗಳವನ್ನು ಇಲ್ಲಿಗೇ ಬಿಡಿ. ಮಣ್ಣಿ ಎಷ್ಟು ದಪ್ಪ ಇದೆ, ಅದರ ಜೊತೆ ಬೇರೆ ಏನು ಹೊಟ್ಟೆಗೆ ಹೋಗುತ್ತಿದೆ, ಇಷ್ಟನ್ನು ನೋಡಿ.

ನಮ್ಮಲ್ಲಿ ತೂಕ ತಿಂದದ್ದು ನೀರು. ಗಂಟಲಿಗೆ ಸಿಕ್ಕೀತು, ಅಜೀರ್ಣ ಆದೀತು ಅನ್ನುವ ಹೆದರಿಕೆಗೆ ಮಣ್ಣಿಯನ್ನು ಒಳಲೆಯಲ್ಲಿ ಹೊಯ್ಯುವಷ್ಟು ತೆಳು ಮಾಡುವುದು ಎಷ್ಟೋ ಮನೆಗಳಲ್ಲಿ ರೂಢಿ. ಒಂದು ತುಂಬು ಟೀ ಚಮಚ ರಾಗಿ ಹುಡಿ, ಮುಕ್ಕಾಲು ಲೋಟ ನೀರು. ಲೆಕ್ಕ ಹಾಕಿ ನೋಡಿ. ಆ ಹುಡಿ ಹೆಚ್ಚೆಂದರೆ 5 ಗ್ರಾಂ, ಅದರಲ್ಲಿ ಸಿಗುವುದು 16-17 ಕಿಲೋಕ್ಯಾಲೊರಿ. ಅಷ್ಟೇ ಅಳತೆಯ, ಅಂದರೆ 150 ಮಿ.ಲೀ. ಎದೆಹಾಲಿನಲ್ಲಿ ಸುಮಾರು 100 ಕಿಲೋಕ್ಯಾಲೊರಿ ಇರುತ್ತದೆ. ಈ ವಯಸ್ಸಿನ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಕೆ.ಜಿ. ತೂಕಕ್ಕೆ 30 ಮಿ.ಲೀ. ಲೆಕ್ಕದಲ್ಲಿ, 7 ಕೆ.ಜಿ. ಮಗುವಿಗೆ 200 ಮಿ.ಲೀ. ಸುತ್ತಮುತ್ತ ಅಷ್ಟೇ. ತೆಳು ಮಣ್ಣಿ ಆ ಜಾಗವನ್ನೆಲ್ಲ ಹಿಡಿದುಕೊಂಡರೆ ಮಗು ಮುಂದಿನ ಹಾಲನ್ನು ಬಿಡುತ್ತದೆ. ಮಗು ಹಾಲು ಬಿಟ್ಟಷ್ಟೂ ತಾಯಿಗೆ ಹಾಲು ಕಡಿಮೆ ಬರುತ್ತದೆ. ಹೊಟ್ಟೆ ಗಟ್ಟಿಯಾಗಿ ಕಾಣುತ್ತದೆ, ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ, ಮನೆಯವರಿಗೆಲ್ಲ ಸಮಾಧಾನ. ತೂಕ ಮಾತ್ರ ಏರುವುದಿಲ್ಲ. ಆರರಿಂದ ಎಂಟು ತಿಂಗಳಲ್ಲಿ ಎದೆಹಾಲಿನ ಮೇಲೆ ದಿನಕ್ಕೆ ಸುಮಾರು 200 ಕಿಲೋಕ್ಯಾಲೊರಿ ಊಟದಿಂದ ಸಿಗಬೇಕು. ತೆಳು ಮಣ್ಣಿಯಲ್ಲಿ ಅಷ್ಟು ಮುಟ್ಟಿಸಬೇಕಾದರೆ ಹನ್ನೆರಡು ಬಟ್ಟಲು ಕುಡಿಸಬೇಕಾದೀತು. ಗಂಜಿ ತಿಳಿ, ಬೇಳೆ ಕಟ್ಟು, ಕ್ಯಾರೆಟ್ ಬೇಯಿಸಿದ ನೀರಿನದ್ದೂ ಇದೇ ಕತೆ.

ಸರಿಯಾದ ಅಳತೆ ಇದು: ಎರಡು ದೊಡ್ಡ ಚಮಚ (20 ಗ್ರಾಂ) ಹುಡಿಗೆ 150 ಮಿ.ಲೀ. ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಒಲೆಗಿಡಿ. ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕೈ ಬಿಡದೆ ತಿರುವಿ. ಹಸಿ ವಾಸನೆ ಹೋಗಿ, ಬಣ್ಣ ಗಾಢವಾಗಿ, ಮೇಲೆ ಹೊಳಪು ಬಂದಾಗ ಬೆಂದಿದೆ ಎಂದರ್ಥ. ಇಳಿಸಿ ಒಂದು ಟೀ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಹಾಕಿ. ಈಗ ಅದೇ ಬಟ್ಟಲಿನಲ್ಲಿ ನೂರಕ್ಕೂ ಮೇಲೆ ಕಿಲೋಕ್ಯಾಲೊರಿ ಇದೆ. ಮಣ್ಣಿ ಆರುತ್ತಾ ಗಟ್ಟಿಯಾಗುವುದರಿಂದ ಹದವನ್ನು ಒಲೆಯ ಮೇಲೆ ನೋಡದೆ, ತಿನ್ನಿಸುವ ಬಿಸಿಗೆ ಬಂದ ಮೇಲೆ ನೋಡಿ. ಚಮಚ ಓರೆ ಮಾಡಿದರೆ ಅದು ಓಡಬಾರದು, ಅಂಚಿನಲ್ಲಿ ಒಂದು ಗಳಿಗೆ ನಿಂತು ಆಮೇಲೆ ಜಾರಬೇಕು.

ತೀರಾ ಅಂಟಂಟಾಗಿ ಮಗು ನುಂಗಲು ಒದ್ದಾಡಿದರೆ ನೀರು ಹೊಯ್ಯಬೇಡಿ, ಮೊಳಕೆ ರಾಗಿಯ ಹುಡಿ ಬಳಸಿ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹೆಚ್ಚುತ್ತದೆ, ಅದು ಪಿಷ್ಟವನ್ನು ಒಡೆಯುತ್ತದೆ. ದಪ್ಪಗೆ ಬೇಯಿಸಿದ ಮಣ್ಣಿ ಸ್ವಲ್ಪ ಆರಿದ ಮೇಲೆ ಕಾಲು ಚಮಚ ಮೊಳಕೆ ಹುಡಿ ಬೆರೆಸಿ ಐದು ನಿಮಿಷ ಬಿಟ್ಟರೆ ಕಣ್ಣೆದುರೇ ಸಡಿಲಾಗುತ್ತದೆ. ಕುದಿಯುವಾಗ ಹಾಕಿದರೆ ಕಿಣ್ವ ಸತ್ತು ಏನೂ ಆಗುವುದಿಲ್ಲ. ಸಡಿಲಾದ ಮೇಲೆ ಇನ್ನೊಂದು ಕುದಿ ಕುದಿಸಿ ಇಳಿಸಿ. ಮೊಳಕೆ ಬಂದರೆ ರಾಗಿಯ ಫೈಟೇಟ್ ಕೂಡ ಕಡಿಮೆಯಾಗುತ್ತದೆ. ಕಬ್ಬಿಣ ಮೈಗೆ ಹತ್ತದಂತೆ ತಡೆಯುವುದು ಅದೇ.

ಹುಡಿ ಮಾಡುವುದು ಕಷ್ಟ ಇಲ್ಲ. 250 ಗ್ರಾಂ ರಾಗಿಯನ್ನು ಮರಳು, ಕಲ್ಲು ಹೋಗುವವರೆಗೆ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಡಿ. ಒಂದೂವರೆ ದಿನದೊಳಗೆ ಮೊಳಕೆ ಬರುತ್ತದೆ. ನಮ್ಮ ಸೆಕೆಗೆ ಗಂಟು ಬೇಗ ಹುಳಿ ವಾಸನೆ ಹಿಡಿಯುತ್ತದೆ, ಅದಕ್ಕೆ ನಡುವೆ ಎರಡು ಮೂರು ಸಲ ನೀರಲ್ಲಿ ಅದ್ದಿ ತೆಗೆಯಿರಿ. ಬಿಸಿಲಿದ್ದರೆ ಎರಡು ದಿನ ಒಣಗಿಸಿ. ಆಟಿಯ ಮಳೆಯಲ್ಲಿ ತೆಳುವಾಗಿ ಹರಡಿ ಫ್ಯಾನಿನ ಕೆಳಗೆ ಆರಿಸಿ, ಕೊನೆಗೆ ಬಾಣಲೆಯಲ್ಲಿ ಅಂಗೈ ತಡೆಯುವಷ್ಟೇ ಬಿಸಿಯಲ್ಲಿ ಗರಿಗರಿ ಮಾಡಿ. ಪರಿಮಳ ಬರುವವರೆಗೆ ಹುರಿದರೆ ಮೇಲೆ ಹೇಳಿದ ಕಿಣ್ವ ಹೋಗುತ್ತದೆ. ಆರಿದ ಮೇಲೆ ಉಜ್ಜಿ ಬೇರು ಉದುರಿಸಿ, ಹುಡಿ ಮಾಡಿ ನುಣ್ಣಗೆ ಜರಡಿ ಹಿಡಿಯಿರಿ. ಮಳೆಗಾಲದಲ್ಲಿ ಒಂದು ಕೆ.ಜಿ. ಒಟ್ಟಿಗೆ ಮಾಡಬೇಡಿ. ಮುಗ್ಗಲು ವಾಸನೆ ಬಂದರೆ, ಗಂಟು ಕಟ್ಟಿದರೆ ಎಸೆಯಿರಿ, ಮಗುವಿನ ವಿಷಯದಲ್ಲಿ ಉಳಿತಾಯ ಬೇಡ.

ಮೊದಲ ದಿನಗಳಲ್ಲಿ ದಿನಕ್ಕೊಮ್ಮೆ ಎರಡು ಮೂರು ಚಮಚ ಸಾಕು, ಅದೂ ಬೆಳಗ್ಗಿನ ಹೊತ್ತು. ಆಮೇಲೆ ಮಗುವಿನ ಹಸಿವು ನೋಡಿ ಏರಿಸುತ್ತಾ ದಿನಕ್ಕೆ ಎರಡು ಮೂರು ಸಲ, ಅರ್ಧ ಬಟ್ಟಲಿನವರೆಗೆ ಬನ್ನಿ. ಎದೆಹಾಲು ಮಾತ್ರ ಮೊದಲಿನಂತೆಯೇ ನಡೆಯಲಿ. ಮಲಗಿಸಿ ಒಳಲೆಯಲ್ಲಿ ಹೊಯ್ಯುವುದಕ್ಕೆ ನನ್ನ ಪೂರ್ತಿ ವಿರೋಧ ಇದೆ. ತೊಡೆಯ ಮೇಲೆ ನೇರ ಕೂರಿಸಿ, ಚಮಚ ತುಟಿಗೆ ತಾಗಿಸಿ, ಮಗು ಬಾಯಿ ತೆರೆಯುವವರೆಗೆ ಕಾಯಿರಿ. ಶುರುವಿನಲ್ಲಿ ನಾಲಗೆಯಿಂದ ಹೊರಗೆ ತಳ್ಳುವುದು, ಓಕರಿಸಿ ಮುಖ ಕೆಂಪು ಮಾಡಿಕೊಳ್ಳುವುದು ಸಹಜ. ಸದ್ದೇ ಇಲ್ಲದೆ ಉಸಿರು ಕಟ್ಟಿದರೆ ಮಾತ್ರ ಗಾಬರಿಯ ವಿಷಯ. ಆಗ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ತಟ್ಟಬೇಕು. ಮನೆಯವರೆಲ್ಲ ಇದನ್ನು ಮೊದಲೇ ಡಾಕ್ಟರ ಹತ್ತಿರ ಕಲಿತಿಟ್ಟುಕೊಳ್ಳಿ.

ಇನ್ನು ಕಬ್ಬಿಣ. ಹುಟ್ಟುವಾಗ ತಂದುಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಮುಗಿಯುತ್ತಾ ಬರುತ್ತದೆ, ಎದೆಹಾಲಿನಲ್ಲಿ ಇರುವುದೂ ಕಡಿಮೆ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, 100 ಗ್ರಾಮಿಗೆ ಸುಮಾರು 350 ಮಿ.ಗ್ರಾಂ, ಆದರೆ 20 ಗ್ರಾಂ ಹುಡಿಯಲ್ಲಿ ಕಬ್ಬಿಣ 1 ಮಿ.ಗ್ರಾಂ ಕೂಡ ಬರುವುದಿಲ್ಲ. ಆದ್ದರಿಂದ ಮಣ್ಣಿಯೊಂದನ್ನೇ ನಂಬಿ ಎಂಟನೇ ತಿಂಗಳವರೆಗೆ ಕೂರಬೇಡಿ. ಎರಡನೇ ವಾರದಿಂದಲೇ ಹೆಸರುಬೇಳೆ, ಅರೆದ ಹರಿವೆ ಸೊಪ್ಪು, ಮೇಲೆ ಎರಡು ಹನಿ ಲಿಂಬೆರಸ ಹಾಕಿ ಕೊಡಿ. ಮನೆಯಲ್ಲಿ ತಿನ್ನುವವರಾದರೆ ಪೂರ್ತಿ ಬೇಯಿಸಿದ ಮೊಟ್ಟೆ, ಆವಿಯಲ್ಲಿ ಬೇಯಿಸಿದ ಕಾಣೆ ಮೀನು ಒಳ್ಳೆಯದು. ಮುಳ್ಳನ್ನು ಕಣ್ಣಿಗಿಂತ ಬೆರಳಿಂದ ಹುಡುಕಿ. ಹೊಸದನ್ನು ಒಂದೊಂದಾಗಿ ಸೇರಿಸಿ, ಎರಡು ದಿನ ಮೈಮೇಲೆ ದದ್ದು, ವಾಂತಿ ಏನಾದರೂ ಇದೆಯೇ ನೋಡಿ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಕಬ್ಬಿಣದ ಸಿರಪ್ ಇದೆ. ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ, ಡಾಕ್ಟರಿಗೂ ತಿಳಿಸಿ ಶುರು ಮಾಡಿ. ಮಲ ಕಪ್ಪಾಗುತ್ತದೆ, ಹೆದರಬೇಡಿ.

ಈ ಒಂದು ವಿಷಯದಲ್ಲಿ ನಿಮ್ಮ ಯಜಮಾನರ ಮಾತಿಗೆ ತೂಕ ಇದೆ, ಎಷ್ಟೋ ಪ್ಯಾಕೆಟ್ ಸೀರಿಯಲ್‌ಗಳಿಗೆ ಕಬ್ಬಿಣ ಸೇರಿಸಿರುತ್ತಾರೆ. ಹಿಂಬದಿಯ ಪಟ್ಟಿ ಓದಿ, ಸಕ್ಕರೆ ಸೇರಿಸಿದ್ದಾರೆಂದು ಕಂಡರೆ ವಾಪಸ್ ಇಡಿ. ಪ್ರಯಾಣದ ದಿನಕ್ಕೆ ಒಂದು ಪ್ಯಾಕೆಟ್ ಮನೆಯಲ್ಲಿದ್ದರೆ ತಪ್ಪೇನಿಲ್ಲ. ಬೆಳಿಗ್ಗೆ ಮಾಡಿದ ಮಣ್ಣಿಯನ್ನು ಡಬ್ಬಿಯಲ್ಲಿಟ್ಟು ಮಧ್ಯಾಹ್ನ ತಿನ್ನಿಸುವುದಕ್ಕಿಂತ ಅದೇ ವಾಸಿ. ನಮ್ಮ ಹವೆಯಲ್ಲಿ ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊರಗೆ ಇಡಬಾರದು.

ಅನ್ನಪ್ರಾಶನಕ್ಕಾಗಿ ಮೂರು ವಾರ ಕಾಯಬೇಡಿ. ಹೆಣ್ಣುಮಗುವಿಗೆ ಬೆಸ ತಿಂಗಳು ಅನ್ನುತ್ತಾರೆ. ಆರು ತುಂಬಿದ ಮೇಲೆ ನಡೆಯುವುದು ಏಳನೆಯದೇ, ಹಾಗಾಗಿ ಮುಹೂರ್ತಕ್ಕೆ ತೊಂದರೆ ಇಲ್ಲ. ಶಾಸ್ತ್ರ ಇರುವುದು ಅನ್ನಕ್ಕೆ. ಮಣ್ಣಿ ಈಗಲೇ ಶುರು ಮಾಡೋಣ, ಅನ್ನವನ್ನು ಆ ದಿನಕ್ಕೇ ಇಡೋಣ ಅತ್ತೆ ಅಂದರೆ ಹಿರಿಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ, ಬೆಲ್ಲ ಬೇಡ. ಆ ದಿನದ ಪಾಯಸ ನಾಲಗೆಗೆ ಸೋಕಿಸುವಷ್ಟು ಮಾತ್ರ ಸಾಕು. ಜೇನು ಮಾತ್ರ ಹನಿಯೂ ಬೇಡ. ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಣ ಮನೆಯಲ್ಲಿ ಕುದಿಸಿದರೂ ಸಾಯುವುದಿಲ್ಲ, ಒಂದು ವರ್ಷದೊಳಗಿನ ಮಗುವಿನ ಕರುಳಿಗೆ ಅದನ್ನು ತಡೆಯುವ ಶಕ್ತಿ ಬಂದಿರುವುದಿಲ್ಲ. ಭಟ್ಟರಿಗೆ ಇದನ್ನು ಹಿಂದಿನ ದಿನವೇ ಹೇಳಿಡಿ.